ಮುನ್ನೂರು ನಿಂಬೆಹಣ್ಣು

ಹಿತ್ತಲಿನ ಗಿಡ ಈ ವರ್ಷವೂ ಕೊಂಬೆ ಬಾಗುವಷ್ಟು ನಿಂಬೆ ಬಿಟ್ಟಿತ್ತು. ಪಾನಕ, ಚಿತ್ರಾನ್ನವೆಲ್ಲ ಮಾಡಿ, ಬೀದಿಗೆಲ್ಲ ಹಂಚಿದ ಮೇಲೂ ಮಿಕ್ಕ ಮುನ್ನೂರು ಹಣ್ಣನ್ನು ವಾರಿಜ ಒಬ್ಬಳೇ ಹೆಚ್ಚಿ, ಉಪ್ಪು ಬೆರೆಸಿ ಜಾಡಿಗೆ ತುಂಬಿದ್ದಳು. ಇವತ್ತು ಮುಟ್ಟಾಗಿದ್ದ ಮಗಳು ಮರೆತು ಆ ಜಾಡಿಯ ಮುಚ್ಚಳ ತೆಗೆದಳು. ಊಟಕ್ಕೆ ಕೂತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು.

"ಮುಟ್ಟೇಬಿಟ್ಟೆಯಲ್ಲೇ ಅನಿಷ್ಟವೇ! ಇನ್ನು ಬೂಷ್ಟು ಹಿಡಿಯುತ್ತೆ. ವಾರಿಜಾ, ಅಷ್ಟನ್ನೂ ತಿಪ್ಪೆಗೆ ಸುರಿ."

ಮಗಳು ತಲೆ ತಗ್ಗಿಸಿ ಮೂಲೆಗೆ ಸರಿದಳು. ಹದಿನೈದು ವರ್ಷ ತಿಂಗಳು ತಿಂಗಳೂ ವಾರಿಜ ಸರಿದು ನಿಂತದ್ದೂ ಅದೇ ಮೂಲೆಯಲ್ಲಿ. ಅವಳ ಮೈ ಉರಿಯಿತು.

"ಸುರಿಯೋದಿಲ್ಲ."

"ಏನಂದೆ? ಮಗಳಿಗೆ ಬುದ್ಧಿ ಹೇಳೋದು ಬಿಟ್ಟು ನನಗೇ ಎದುರಾಡ್ತೀಯಾ?"

"ನೀವೀಗ ನಂಚಿಕೊಳ್ತಿರೋ ಹೋದ ವರ್ಷದ ಉಪ್ಪಿನಕಾಯಿ ಹೇಗಿದೆ ಅತ್ತೆ?"

"ಅದಕ್ಕೇನಾಗಿದೆ? ವರ್ಷವಾದರೂ ಘಮ್ಮಂತಿದೆ." ಅತ್ತೆ ಹೋಳು ಚೀಪುತ್ತ ಮೊಮ್ಮಗಳತ್ತ ತಿರುಗಿ ಗದರಿದರು. "ನೋಡಿ ಕಲಿ. ಮಡಿಯಲ್ಲಿ ಹಾಕಿದರೆ ಹೀಗಿರುತ್ತೆ."

ವಾರಿಜ ಮಗಳ ಕೈ ಹಿಡಿದು ಮೂಲೆಯಿಂದ ಹೊರಗೆಳೆದಳು.

"ಹೋದ ವರ್ಷ ಹಣ್ಣು ಕೊಳೀತಿತ್ತು, ಅದಕ್ಕೇ ನಿಮಗೆ ಹೇಳಿರಲಿಲ್ಲ ಅತ್ತೆ. ಅದನ್ನ ಹಾಕಿದ ದಿನ ನಾನೂ ಮುಟ್ಟಾಗಿದ್ದೆ."