ತಾರಿಣಿ ಎಂಬ ಕರು

"ಥೂ, ಇದರ ಬಾಯಾಗ ಮಣ್ಣ ಬೀಳ್ಲಿ!"

ಸೊಸೆ ಮಲ್ಲಿಕಾಳ ಮೊಬೈಲಿನ ಧಾರಾವಾಹಿಯಲ್ಲಿ ತಾರಿಣಿ ಎಂಬ ಯಂತ್ರದ ಹುಡುಗಿ ಮುದುಕಿಯೊಬ್ಬಳನ್ನು ಆಕಾಶನೌಕೆಯ ಬಾಗಿಲಿಗೆ ದರದರ ಎಳೆದೊಯ್ಯುತ್ತಿದ್ದಳು. ನೋಡುತ್ತಿದ್ದ ಹುಚ್ಚವ್ವ ಎದ್ದೇಬಿಟ್ಟಳು. "ಹೋದ ಸೀಸನ್‌ದಾಗ ಇದ ಮುದಿಕೀನ್ನ ಬೆನ್ನ ಮ್ಯಾಲ ಹೊತ್ಕೊಂಡು ಮಂಗಳ ಗ್ರಹದ ಉಸುಕೆಲ್ಲಾ ದಾಟಿಸಿದ್ಲು. ಈಗ ಹೊರಗ ನೂಕಾಕ ನಿಂತಾಳ! ಇದನ್ನ ಬರಿಯೋರಿಗೆ ಹಡದವ್ವ ಇಲ್ಲೇನ?"

"ಕಥಿ ಬದಲಿ ಮಾಡ್ಯಾರ್ರಿ ಅತ್ತಿ. ಈ ಸಲ ಆಕೀನ ಕೆಟ್ಟಾಕಿ."

ಹುಚ್ಚವ್ವನಿಗೆ ಹೇಸಿಗೆ ಬಂತು. ಆ ಹುಡುಗಿಯನ್ನು ಮೆಚ್ಚಿಯೇ ಅವಳು ಮನೆಯ ಕರುವಿಗೆ ತಾರಿಣಿ ಎಂದು ಹೆಸರಿಟ್ಟಿದ್ದಳು. ದುಂಡಸಿಯ ಓಣಿಯವರೆಲ್ಲ ನಕ್ಕರೂ ಬಿಟ್ಟಿರಲಿಲ್ಲ. ಈಗ ಅಂಗಳಕ್ಕೆ ಬಂದು, "ಬಾ, ಗೌರಿ" ಎಂದು ಕರೆದಳು. ಕರು ಕಿವಿಯನ್ನೂ ಅಲ್ಲಾಡಿಸಲಿಲ್ಲ. "ಏ ಗೌರಿ! ಇವತ್ತಿಂದ ಇದ ನಿನ್ನ ಹೆಸರು!" ಅದು ಮುಖ ತಿರುಗಿಸಿ ನಿಂತಿತು.

ಅಷ್ಟರಲ್ಲಿ ಒಳಗೆ ಮೊಬೈಲಿನ ಮುದುಕಿ "ತಾರಿಣೀ..." ಎಂದು ಚೀರಿದಳು. ಕರು ಚಂಗನೆ ಜಿಗಿದು, ಹೊಸ್ತಿಲು ದಾಟಿ ಓಡಿ, ಮಲ್ಲಿಕಾಳ ಕೈಯಲ್ಲಿದ್ದ ಮೊಬೈಲನ್ನು ನೆಕ್ಕತೊಡಗಿತು. ಹಿಂದೆಯೇ ಹುಚ್ಚವ್ವ ಓಡಿ ಬಂದಳು.

"ಬಂದ್ ಮಾಡ್ಲೇನ್ರಿ ಅತ್ತಿ?"

"ಥೂ, ಹೊಲಸು!" ಎನ್ನುತ್ತಲೇ ಹುಚ್ಚವ್ವ ಗಾಜಿನ ಮೇಲಿನ ಜೊಲ್ಲನ್ನು ಸೆರಗಿನಿಂದ ಒರೆಸಿದಳು. ಆಮೇಲೆ ಕರುವಿನ ಕೊರಳಿಗೆ ಕೈ ಹಾಕಿ ಸೊಸೆಯ ಪಕ್ಕದಲ್ಲೇ ಕುಳಿತಳು.

"ಆ ಕಡೆ ಸರಿ, ತಾರಿಣಿ. ನಮ್ಮ ಮುದಿಕಿ ಉಳಿತಾಳೇನ ನೋಡೂಣು."