ಇನ್ನೂರ ಹನ್ನೆರಡು ನ್ಯೂಕ್ಲಿಯಸ್

ದಾಸ್ತಾನು ಪರಿಶೀಲನೆಗೆ ಬಂದ ಅಧಿಕಾರಿ, ಪ್ರಯೋಗಾಲಯದ ಕಳೆದ ವರ್ಷದ ವರದಿಯ ಮೇಲೆ ಬೆರಳಿಟ್ಟರು.

"ನಕ್ಷತ್ರದಲ್ಲಿ ಚಿನ್ನ ಹೇಗಾಗುತ್ತೆ ಅಂತ ತಿಳಿಯೋಕೆ, ನ್ಯೂಟ್ರಾನ್ ಹೆಚ್ಚಿರೋ ಇನ್ನೂರ ಹನ್ನೆರಡು ನ್ಯೂಕ್ಲಿಯಸ್ ತಯಾರಿಸಿದೀವಿ ಅಂತ ಬರೆದಿದೀರಿ. ಎಲ್ಲಿವೆ ಮೇಡಂ, ತೋರಿಸಿ."

"ಅವು ಅರ್ಧ ಸೆಕೆಂಡೂ ಬಾಳಲ್ಲ ಸಾರ್. ಆ ಆಯುಸ್ಸು ಅಳೆಯೋದೇ ನಮ್ಮ ಕೆಲಸ."

"ಅಂದ್ರೆ ಒಂದೂ ಉಳಿದಿಲ್ಲ. ವಿಲೇವಾರಿಗೆ ಯಾರು ಅನುಮತಿ ಕೊಟ್ರು?"

ಒಂದು ಗಂಟೆ ವಾದಿಸಿ ಸೋತ ವಿಜ್ಞಾನಿ, ಒಳಗೆ ಹೋಗಿ ಖಾಲಿ ಡಬ್ಬಿಯೊಂದಕ್ಕೆ ಅರಗಿನ ಮುದ್ರೆ ಒತ್ತಿ ತಂದಿಟ್ಟರು.

"ಇದರೊಳಗಿವೆ ಸಾರ್. ತೆಗೆದ್ರೆ ವಿಕಿರಣ."

ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು, 'ಎಲ್ಲವೂ ಸುಸ್ಥಿತಿಯಲ್ಲಿವೆ' ಎಂದು ಬರೆದು ಸಹಿ ಹಾಕಿದರು.

ಮುಂದಿನ ತಿಂಗಳು ಇಲಾಖೆಯಿಂದ ಪತ್ರ ಬಂತು: 'ಕಳೆದ ವರ್ಷದ ನ್ಯೂಕ್ಲಿಯಸ್‌ಗಳು ಇಂದಿಗೂ ಸುಸ್ಥಿತಿಯಲ್ಲಿರುವಾಗ, ಅವುಗಳ ಆಯುಸ್ಸನ್ನು ಅರ್ಧ ಸೆಕೆಂಡಿಗಿಂತ ಕಡಿಮೆ ಎಂದು ಅಳೆದ ಬಗ್ಗೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.'