ಮಂಜುವಿನ ಬ್ಲೌಸು

ಮಂಜು ನಾಲ್ಕನೇ ಸಲ ರೇಖಾಳ ಹೊಲಿಗೆ ಅಂಗಡಿಗೆ ಬಂದಾಗಲೂ ಅವನ ಬ್ಲೌಸಿಗೆ ಒಂದು ತೋಳು ಕೂತಿರಲಿಲ್ಲ. ಮೆರವಣಿಗೆ ಹೊರಡಲು ಇನ್ನು ಅರ್ಧ ತಾಸು. ಹೋಳಿಯ ಹೊತ್ತಿಗೆ ಕುಮಟಾ ಪೇಟೆಯಲ್ಲಿ ಹೊರಡುವ ಹಗರಣ ಅದು. ಪೇಪರಿನಲ್ಲಿ ಬರುವ ಹಗರಣವಲ್ಲ, ವೇಷ ಹಾಕಿ ಊರವರನ್ನೇ ಅಣಕಿಸಿ ನಗಿಸುವ ಹಗರಣ. ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ಎತ್ತಿನ ಹೆಗಲು ಮಾಡಿಕೊಂಡಿದ್ದ ಮಂಜುವಿಗೆ ಈ ಸಲ ಹೆಣ್ಣು ವೇಷ. ಆದರೂ ಮೀಸೆ ತೆಗೆಯಲು ಒಪ್ಪಿರಲಿಲ್ಲ. ಯಾರ ವೇಷವೆಂದು ಕೇಳಿದರೆ ಬಾಯಿಗೆ ಬೀಗ.

“ರೇಖಕ್ಕ, ಬಟ್ಟೆ ಕೊಟ್ಟು ಹದಿನೈದು ದಿನ ಆತು.”

“ನಿನ್ನ ಎದೆ ಅಳತೆ ನಲವತ್ನಾಲ್ಕು ಮಾರಾಯ. ಒಂದು ಬ್ಲೌಸಲ್ಲ, ಎರಡು ಬ್ಲೌಸಿನ ಕೆಲಸ,” ಎಂದು ರೇಖಾ ತಲೆಯೆತ್ತದೆ ಮಷಿನ್ ತುಳಿದಳು. ತಡ ಮಾಡುವುದು ಅವಳಿಗೆ ಹೊಸತೇನಲ್ಲ. ಅವಳ ಹೊಲಿಗೆಗೆ ಕೊಂಕು ಹೇಳುವವರಿಲ್ಲ. ಬಂದವರಿಗೆಲ್ಲ ಹೂಂ ಎಂದುಬಿಡುವ ಬಾಯಿಯದೇ ತಾಪತ್ರಯ.

ಅಷ್ಟರಲ್ಲಿ ಮಂಜುವನ್ನು ಕರೆದೊಯ್ಯಲು ಟೆಂಪೋ ಬಂದು ಬಾಗಿಲೆದುರೇ ನಿಂತಿತು. ಅದರ ಮೇಲೊಂದು ರಟ್ಟಿನ ಹೊಲಿಗೆ ಮಷಿನ್. ಹಗ್ಗದಲ್ಲಿ ತೋಳಿಲ್ಲದ, ಕೊರಳಿಲ್ಲದ ಬ್ಲೌಸುಗಳು. ನಡುವೆ ಕೆಂಪು ಅಕ್ಷರದ ಬೋರ್ಡು: ‘ರೇಖಾ ಟೇಲರ್ಸ್. ನಾಳೆ ಬಂದ್ರೆ ಖಂಡಿತ ಕೊಡ್ತೆ.’

ರೇಖಾಳ ಕಾಲು ಪೆಡಲಿನ ಮೇಲೇ ನಿಂತುಹೋಯಿತು. ಹನ್ನೊಂದು ವರ್ಷದ ಹಿಂದೆ ಹಳೇ ಮಷಿನ್ ಒಂದನ್ನು ಕಟ್ಟಿಕೊಂಡು ಮಾವಳ್ಳಿಯಿಂದ ಒಬ್ಬಳೇ ಬಂದವಳು. ಇವತ್ತಿಗೂ ಕೆಲವರ ಬಾಯಲ್ಲಿ ಅವಳು ‘ಆ ಮಾವಳ್ಳಿ ಕಡೆಯವಳು’. ಈ ಊರಿನಲ್ಲಿ ಅವಳದು ಅಂತ ಇರುವುದು ಈ ಅಂಗಡಿ, ಈ ಹೆಸರು. ಅದನ್ನೂ ಟೆಂಪೋ ಹತ್ತಿಸಿ ಪೇಟೆ ತುಂಬ ನಗೆಪಾಟಲು ಮಾಡಿದರೆ ನಾಳೆಯಿಂದ ಬಟ್ಟೆ ತರುವವರು ಯಾರು? ಅಳು ಬಂತು. ಅಳುವುದಕ್ಕಿಂತ ಸಿಟ್ಟು ಮಾಡುವುದು ಸುಲಭವಾಗಿದ್ದರಿಂದ ಸಿಟ್ಟು ಮಾಡಿದಳು.

“ಬ್ಲೌಸು ಕೊಡೂದಿಲ್ಲ. ಹೋಗು!”

“ಹಂಗಂದ್ರೆ ಹೆಂಗೆ ರೇಖಕ್ಕ? ಹೋದ ವರ್ಷ ಹರಿಹರ ಮಾಸ್ತರ್ರ ವೇಷ ಹಾಕಿದ್ದು. ಅವರೇ ಛತ್ರಿ, ಕನ್ನಡಕ ಎಲ್ಲ ಕೊಟ್ಟು ಕಳ್ಸಿದ್ರು. ಊರಿಗೆಲ್ಲ ಗುರ್ತಿದ್ದವರ ವೇಷ ಹಾಕಿದ್ರೇ ಜನ ನಗಾಡೂದು. ಗುರ್ತಿಲ್ಲದವರದ್ದು ಹಾಕಿ ಎಂತ ಮಾಡೂದು?”

ರೇಖಾ ಅರ್ಧ ಹೊಲಿದ ಬ್ಲೌಸನ್ನು ಮಡಿಲಿಗೆ ಎಳೆದುಕೊಂಡಳು. “ಎಂತ ಮಾಡಿ ತೋರ್ಸೂದು ಅಂತಾದ್ರೂ ನೋಡ್ವ,” ಎಂದಳು, ಬಿಗುಮಾನ ಬಿಡದೆ.

ಮಂಜು ಕೊರಳಿಗೆ ಟೇಪು ಹಾಕಿಕೊಂಡು, ಸೊಂಟ ಬಳುಕಿಸಿ, ಕಣ್ಣು ಮಿಟುಕಿಸಿ, “ನಾಳೆ ಬನ್ನಿ ಅಕ್ಕಾ…” ಎಂದು ರಾಗ ಎಳೆದ. ರೇಖಾಳಿಗೆ ಮೈಯೆಲ್ಲ ಉರಿದುಹೋಯಿತು. ಅವನು ಅಣಕಿಸಿದ್ದಕ್ಕಲ್ಲ, ಅಣಕಿಸಲೂ ಬಾರದ್ದಕ್ಕೆ!

“ನಾ ಯಾವತ್ತು ಸೊಂಟ ಬಳುಕ್ಸಿದ್ದೆ ಮಾರಾಯ? ಮೊದ್ಲು ಬಾಯಲ್ಲಿ ಎರಡು ಗುಂಡುಸೂಜಿ ಕಚ್ಕ. ಗಿರಾಕಿ ಬಾಗ್ಲಿಗೆ ಬಂದ ಕೂಡ್ಲೆ ಜೋರು ಮಷಿನ್ ತುಳಿ, ಅವರದ್ದೇ ಬಟ್ಟೆ ಹೊಲಿತಾ ಇದ್ದಂಗೆ. ಮುಖ ಮಾತ್ರ ನೋಡ್ಬೇಡ. ನೋಡಿದ್ರೆ ಸುಳ್ಳು ಹೇಳೂಕೆ ಬರೂದಿಲ್ಲ. ಆಮೇಲೆ ‘ಹುಕ್ಕೊಂದು ಬಾಕಿ’ ಅನ್ನು. ಹನ್ನೊಂದು ವರ್ಷದಿಂದ ನಾ ಹೇಳೂದು ಅದನ್ನೇ.”

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ನಗು ತಡೆಯಲಾಗಲಿಲ್ಲ. ಟೆಂಪೋದವ ಹಾರ್ನ್ ಮೇಲೆ ಹಾರ್ನ್ ಹೊಡೆದ. ಹೇಗೋ ತೋಳು ಕೂತಿತು. ಬೆನ್ನಿಗೆ ಹಾಕುವ ಹುಕ್ಕುಗಳು ಮಾತ್ರ ನಿಜಕ್ಕೂ ಬಾಕಿ. “ಹತ್ತು ಹತ್ತು, ದಾರಿಲಿ ಹಾಕ್ತೆ,” ಎಂದು ಸೂಜಿ ದಾರ ಹಿಡಿದು ರೇಖಾಳೂ ಟೆಂಪೋ ಏರಿದಳು.

ಹಾಗಾಗಿ ಪೇಟೆಯ ಜನಕ್ಕೆ ಕಂಡದ್ದು ಎರಡೆರಡು ರೇಖಾ. ಮುಂದೆ ಮೀಸೆಯ ರೇಖಾ ರಟ್ಟಿನ ಮಷಿನ್ ತುಳಿಯುತ್ತ, ಗುಂಡುಸೂಜಿ ಕಚ್ಚಿದ ಬಾಯಲ್ಲೇ “ಹುಕ್ಕೊಂದು ಬಾಕಿ” ಅನ್ನುತ್ತಿದ್ದರೆ, ಹಿಂದೆ ನಿಜದ ರೇಖಾ ಕೂತು ಅದೇ ಹುಕ್ಕನ್ನು ಹಾಕುತ್ತಿದ್ದಳು. ಇದೂ ಆಟದ್ದೇ ಎಂದುಕೊಂಡು ಜನ ಬಿದ್ದು ಬಿದ್ದು ನಕ್ಕರು. ಮದುವೆಗೆಂದು ಕೊಟ್ಟ ಬ್ಲೌಸು ಮದುವೆ ಮುಗಿದು ವಾರಕ್ಕೆ ಕೈಸೇರಿದ್ದ ಅಮೂಲ್ಯಾ ಕಟ್ಟೆ ಮೇಲೆ ನಿಂತು, “ರೇಖಕ್ಕಾ, ನನ್ನ ಇನ್ನೊಂದು ಎಲ್ಲಿ?” ಎಂದು ಕೂಗಿದಳು.

“ನಿಂದೇ ಹೊಲಿತಾ ಇದ್ದೆ!” ಮೀಸೆಯ ರೇಖಾ, ನಿಜದ ರೇಖಾ ಇಬ್ಬರೂ ಒಂದೇ ಉಸಿರಿಗೆ ಕೂಗಿದರು.

ಪೇಟೆಗೆ ಪೇಟೆಯೇ ಹೊಟ್ಟೆ ಹಿಡಿದುಕೊಂಡಿತು. ಕೈಕೈಯಲ್ಲಿ ಮೊಬೈಲುಗಳು ಮೇಲೆದ್ದವು. ಗದ್ದಲದ ನಡುವೆ ಯಾರೋ “ನಮ್ಮ ರೇಖಕ್ಕ, ನಮ್ಮ ರೇಖಕ್ಕ” ಎಂದು ಪಕ್ಕದವರಿಗೆ ತೋರಿಸುತ್ತಿದ್ದುದು ಅವಳ ಕಿವಿಗೆ ಬಿತ್ತು. ‘ನಮ್ಮ’ ಎಂದದ್ದು ಸ್ಪಷ್ಟವಾಗಿಯೇ ಕೇಳಿಸಿತು. ಮಾವಳ್ಳಿಯಿಂದ ಬಂದ ಮೇಲೆ ಇಷ್ಟೊಂದು ಸಂತೋಷ ಅವಳಿಗೆ ಯಾವತ್ತೂ ಆಗಿರಲಿಲ್ಲ. ಸೂಜಿ ಮಂಜುವಿನ ಬೆನ್ನಿಗೆ ಚುಚ್ಚಿ ಅವನು ಎಗರಿಬಿದ್ದದ್ದೂ ಅವಳ ಲಕ್ಷ್ಯಕ್ಕೆ ಬರಲಿಲ್ಲ. ಜನ ಅದಕ್ಕೂ ನಕ್ಕರು.

ಹೊತ್ತು ಮುಳುಗುವ ಮೊದಲು ಅವಳು ಅಂಗಡಿಗೆ ಮರಳಿದಾಗ, ಎದುರಿನ ರಸ್ತೆ ಬದಿಯಲ್ಲಿ ಬಸಳೆ, ಹರಿವೆ ಮಾರುವ ನಾಗಮ್ಮ ಮನೆಗೆ ಹೊರಟಿದ್ದಳು. ಯಾಕೋ ಮುಖ ಬಾಡಿತ್ತು.

“ಎಂತ ನಾಗಮ್ಮ, ಹಗರಣ ನೋಡ್ಲಿಲ್ವಾ? ನಗು ಬರ್ಲಿಲ್ವಾ?”

“ನಗಾಡಿ ನಗಾಡಿ ಸಾಕಾತು ತಂಗಿ.” ನಾಗಮ್ಮ ಬುಟ್ಟಿಯನ್ನು ತಲೆಗೇರಿಸಿ ನಾಲ್ಕು ಹೆಜ್ಜೆ ಹೋದವಳು ನಿಂತಳು. “ನಾ ಈ ರಸ್ತೆಲಿ ಕೂತು ಮೂವತ್ತು ವರ್ಷ ಆತು. ಇವತ್ತಿನವರೆಗೆ ಒಬ್ರೂ ನನ್ನ ವೇಷ ಹಾಕ್ಲಿಲ್ಲ.”